ಎರಡು ನೀರಿನ ಆಲೂಗಡ್ಡೆ

ಒಲೆಯಿಲ್ಲದ ಮನೆಯಲ್ಲಿ ನಾನು ಆರು ವರ್ಷ ಅಡುಗೆಯವಳಾಗಿ ದುಡಿದೆ. ಕೇಳಿದವರು ನಗುತ್ತಾರೆ, ನಗಲಿ. ಕಿತ್ತಳೆ ತೋಟಗಳ ಮೇಲಿನ ಗುಡ್ಡದಲ್ಲಿದ್ದ ಆ ಮನೆಗೆ ಜನ ಹಸಿ ಊಟದಿಂದ ಮೈ ಶುದ್ಧಿ ಮಾಡಿಕೊಳ್ಳಲು ಬರುತ್ತಿದ್ದರು, ಅಲ್ಲಿ ಬೆಂಕಿ ಹಚ್ಚುವಂತಿರಲಿಲ್ಲ. ತರಕಾರಿ ತೊಳೆಯುವುದು, ಹೆಚ್ಚುವುದು, ಕಾಳು ಮೊಳಕೆ ಬರಿಸುವುದು, ಸೊಪ್ಪನ್ನು ಮಷಿನ್ನಿಗೆ ತುರುಕಿ ರಸ ತೆಗೆಯುವುದು ನನ್ನ ಕೆಲಸ. ಕಾಫಿ ಪುಡಿಯೂ ಇತ್ತು. ಅದನ್ನು ತಣ್ಣೀರಿನಲ್ಲಿ ನೆನೆಸಿ ಸೋಸಿ ಕೊಡುತ್ತಿದ್ದೆ, ಆದರೆ ಯಾರೂ ಬಾಯಿಂದ ಕುಡಿಯುತ್ತಿರಲಿಲ್ಲ. ಕರುಳು ತೊಳೆಯುವ ಎನಿಮಾ ಚೀಲಕ್ಕೆ ತುಂಬಿಕೊಂಡು ಕೋಣೆಗೆ ಹೋಗುತ್ತಿದ್ದರು. ನಾನು ಮಾತ್ರ ಬೆಳಿಗ್ಗೆ ಮನೆಯಲ್ಲೇ ಬಿಸಿ ಕಾಫಿಯೊಂದಿಗೆ ಎರಡು ಮೊಟ್ಟೆ ಹುರಿದು ತಿಂದು, ಬಾಯಿ ಮುಕ್ಕಳಿಸಿಕೊಂಡು ಕೆಲಸಕ್ಕೆ ಹೊರಡುತ್ತಿದ್ದೆ.

ಆ ಮನೆಯ ಬಾಗಿಲು ದಾಟಿದ ಕೂಡಲೇ ಎದುರಿಗೆ ಕಾಣುತ್ತಿದ್ದುದು ನನ್ನ ತಂಗಿ ಮಾರ್ಲಿಸ್. ಒಂದೇ ಚೌಕಟ್ಟಿನಲ್ಲಿ ಎರಡು ಫೋಟೊ. ಎಡಗಡೆಯದರಲ್ಲಿ ಅವಳು ವಾಹನ ಲೈಸೆನ್ಸ್ ಕಚೇರಿಯ ಕೌಂಟರಿನ ಹಿಂದೆ, ಕುರ್ಚಿಯ ಎರಡೂ ಕೈಗಳ ನಡುವೆ ಸಿಕ್ಕಿಹಾಕಿಕೊಂಡಂತೆ ಕುಳಿತಿದ್ದಾಳೆ. ಬಲಗಡೆಯದರಲ್ಲಿ ನಿಂಬೆ ಗಿಡದ ಕೆಳಗೆ ತೆಳ್ಳಗೆ ನಿಂತು ನಗುತ್ತಿದ್ದಾಳೆ. ಕೆಳಗೆ ಮನೆಯ ಯಜಮಾನ ಕಾರ್ವಿನ್ ಕೈಬರಹದಲ್ಲಿ ಬರೆದಿದ್ದ: 'ಬೆಂಕಿ ಮುಟ್ಟದ ಊಟ. ಒಂದು ವರ್ಷ. ನೂರ ನಲವತ್ತು ಪೌಂಡು ಇಳಿಕೆ.'

ಇಳಿದ ಪೌಂಡಿನ ಲೆಕ್ಕ ನಿಜ. ಉಳಿದದ್ದು ಸುಳ್ಳು. ಅದು ಸುಳ್ಳೆಂದು ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು, ಅವಳಿಗೆ ಮತ್ತು ನನಗೆ.

ಎಂಟು ವರ್ಷದ ಹಿಂದೆ ಮಾರ್ಲಿಸ್ ಫ್ರೆಸ್ನೊ ನಗರಕ್ಕೆ ಹೋಗಿ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡಿದ್ದಳು. ಜಠರವನ್ನು ಕೋಳಿಮೊಟ್ಟೆಯಷ್ಟು ಮಾಡಿ, ಕರುಳನ್ನು ಅರ್ಧ ದಾರಿ ತಪ್ಪಿಸಿ ಜೋಡಿಸುವ ಆಪರೇಷನ್. ಕರೆದುಕೊಂಡು ಹೋದವಳು ನಾನು, ಮೂರು ವಾರ ನನ್ನ ಮನೆಯಲ್ಲಿಟ್ಟುಕೊಂಡು ಚಮಚದಲ್ಲಿ ಸೂಪು ಕುಡಿಸಿದವಳೂ ನಾನು. ಕಚೇರಿಯವರಿಗೆ ಉಪವಾಸದ ಶಿಬಿರಕ್ಕೆ ಹೋಗಿದ್ದೇನೆಂದು ಹೇಳಿದಳು. ಯಾಕೆ ಹಾಗೆ ಹೇಳಿದಳೆಂದು ನಾನು ಬೈಯಲಿಲ್ಲ. ಇಪ್ಪತ್ತೆರಡು ವರ್ಷ ಆ ಕೌಂಟರಿನಲ್ಲಿ ಕೂತು ಜನರ ಕೊಂಕು ನುಂಗಿದವಳು ಅವಳು. ಸಾಲಿನಲ್ಲಿ ನಿಂತವರು ಅವಳಿಗೆ ಕೇಳಿಸುವಂತೆಯೇ, 'ಇವಳಿಗೆ ಲಾರಿ ಲೈಸೆನ್ಸೇ ಬೇಕು' ಎನ್ನುತ್ತಿದ್ದರು. ಆಪರೇಷನ್ ಎಂದರೆ 'ಓ, ಕತ್ತರಿಸಿಕೊಂಡೆಯಾ' ಎನ್ನುತ್ತಾರೆ. ಮನಸ್ಸು ಗಟ್ಟಿಮಾಡಿ ಇಳಿಸಿಕೊಂಡೆ ಎಂದರೆ ಎದ್ದು ನಿಂತು ಕೈ ಕುಲುಕುತ್ತಾರೆ.

"ಅಮ್ಮನ ಸಮಾಧಿ ಮೇಲೆ ಆಣೆ ಮಾಡು ಡೋರಿ. ಯಾರಿಗೂ ಹೇಳಲ್ಲ ಅನ್ನು" ಎಂದಳು ಆವತ್ತು. ನನ್ನ ಹೆಸರು ಡೋರಿನ್. ಡೋರಿ ಎಂದು ಕರೆಯುತ್ತಿದ್ದವರಲ್ಲಿ ಅವಳೊಬ್ಬಳೇ ಉಳಿದಿದ್ದಾಳೆ. ಆಣೆ ಮಾಡಿದೆ.

ಆಮೇಲೆ ಅವಳು ಕಾರ್ವಿನ್ ಮನೆಗೆ ಶುದ್ಧಿಗೆಂದು ಬಂದಳು. ಅಲ್ಲಿನವರು ಇಷ್ಟು ಹೇಗೆ ಇಳಿಸಿದೆ ಎಂದು ಬೆರಗಿನಿಂದ ಕೇಳಿದರು. ಅವಳು ರಸ ಎಂದಳು, ಹಸಿ ಊಟ ಎಂದಳು. ಒಂದು ವರ್ಷದಲ್ಲಿ ಅವಳ ಫೋಟೊ ಗೋಡೆಗೆ ಏರಿತು, ಎರಡನೆಯ ವರ್ಷ ಕೆಲಸ ಬಿಟ್ಟು ಅಲ್ಲೇ ಗುರುವಾದಳು, ನನ್ನನ್ನೂ ಅಡುಗೆಮನೆಗೆ ಸೇರಿಸಿದಳು. ನನ್ನ ತಂಗಿ ಬಾಯಿ ತೆರೆದರೆ ಇಪ್ಪತ್ತು ಜನ ಪೆನ್ನು ಹಿಡಿದು ಬರೆದುಕೊಳ್ಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸುಳ್ಳು ಹೇಳುವುದಿಲ್ಲ, ನನಗೂ ಹೆಮ್ಮೆಯಾಗುತ್ತಿತ್ತು.

ಪ್ರತಿ ಭಾನುವಾರ ಮಧ್ಯಾಹ್ನ ಅವಳು ನನ್ನ ಮನೆಗೆ ಬಂದು, ಪರದೆ ಎಳೆದು, ಕೋಳಿ ಸೂಪು ಕುಡಿಯುತ್ತಿದ್ದಳು. ಜೊತೆಗೆ ಮೂರು ದಿನಕ್ಕಾಗುವಷ್ಟು ಬೇಯಿಸಿದ ಮೀನು, ಮೊಟ್ಟೆ ಡಬ್ಬಿಯಲ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದಳು. ಅವಳು ಅಷ್ಟು ವರ್ಷ ನೆಟ್ಟಗೆ ನಿಂತಿದ್ದು ಆ ಡಬ್ಬಿಯಿಂದ.

ಮಾರ್ಚ್ ತಿಂಗಳಲ್ಲಿ ಕಾರ್ವಿನ್ ಹೊಸದೊಂದು ಶುರುಮಾಡಿದ. ಇಪ್ಪತ್ತೊಂದು ದಿನ ಬರೀ ಹಸಿರು ರಸ. ಆಮೇಲೆ ಮೆಲ್ಲಗೆ ಹಸಿ ಊಟಕ್ಕೆ ದಾಟುವುದು, ಮೊದಲು ಹಣ್ಣು, ಆಮೇಲೆ ಎಲೆ, ಬಾದಾಮಿ ಹಾಲು, ಮೊಳಕೆ. ಅದನ್ನು ಮುಗಿಸಿದವರು ಸಾಯುವವರೆಗೂ ಒಲೆಯ ಕಡೆ ತಿರುಗುವುದಿಲ್ಲ ಎಂದು ಎಲ್ಲರೆದುರು ಹೇಳಬೇಕು. ಮಾರ್ಲಿಸ್ ಮುಂದೆ ನಿಂತು ನಡೆಸಬೇಕು.

ಅದರ ಹಿಂದಿನ ಭಾನುವಾರ ಅವಳು ನನ್ನ ಮನೆಗೆ ಬಂದಳು, ಆದರೆ ಸೂಪಿನ ಬಟ್ಟಲನ್ನು ದೂರ ತಳ್ಳಿದಳು.

"ಇವತ್ತಿಂದ ಬೇಡ ಡೋರಿ."

"ಯಾಕೆ, ಉಪ್ಪು ಜಾಸ್ತಿಯಾಯ್ತಾ?"

"ತಮಾಷೆ ಬೇಡ. ಈ ಸಲ ನಿಜವಾಗ್ಲೂ ಮಾಡ್ತೀನಿ. ಇಪ್ಪತ್ತೊಂದು ದಿನ, ಆಮೇಲೆ ಪೂರ್ತಿ ಹಸಿ. ಒಂದು ವರ್ಷ ಹಾಗೇ ಇದ್ದುಬಿಟ್ರೆ ಆ ಫೋಟೊ ಕೆಳಗೆ ಬರೆದಿರೋದು ಸುಳ್ಳಾಗಲ್ಲ ಅಲ್ವಾ?"

"ಹೊಟ್ಟೆ ಅರ್ಧ ಇಲ್ಲ ನಿನಗೆ. ಡಾಕ್ಟರು ಏನೇನು ಹೇಳಿದ್ರು ಜ್ಞಾಪಕ ಇದೆಯಾ?"

"ಏಳು ವರ್ಷದಿಂದ ಆ ಗೋಡೆ ಮುಂದೆ ತಲೆ ತಗ್ಗಿಸ್ಕೊಂಡು ಓಡಾಡ್ತಿದೀನಿ ಕಣೇ. ಒಂದು ಸಲ ತಲೆ ಎತ್ತಿ ನೋಡ್ಬೇಕು ಅದನ್ನ."

ಬಟ್ಟಲಿನ ಸೂಪನ್ನು ನಾನೇ ಕುಡಿದೆ.

ಸೋಮವಾರದಿಂದ ರಸ. ಒಬ್ಬೊಬ್ಬರಿಗೆ ದಿನಕ್ಕೆ ಎರಡು ಪೌಂಡು ಪಾಲಕ್, ಒಂದು ಹಿಡಿ ಬೀಟ್‌ರೂಟ್ ಎಲೆ, ಸೌತೆಕಾಯಿ, ನಿಂಬೆ. ಬೆಳಿಗ್ಗೆ ಐದಕ್ಕೆ ಮಷಿನ್ ಶುರುವಾದರೆ ಎಂಟರ ತನಕ ಗೊರ್ರೆನ್ನುತ್ತಿತ್ತು. ನನ್ನ ಉಗುರು, ಅಂಗೈ ಗೆರೆ ಎಲ್ಲ ಹಸಿರು. ಮಾರ್ಲಿಸ್‌ಗೆ ಗುರುವೆಂದು ಒಂದು ಲೋಟ ಹೆಚ್ಚು. ಅದನ್ನು ಸುರಿದು ಕೊಟ್ಟವಳೂ ನಾನೇ.

ಆ ಮನೆಯ ಒಂದು ಪದ್ಧತಿ ಹೇಳಬೇಕು. ದಿನಾ ಬೆಳಿಗ್ಗೆ ಎಲ್ಲರೂ ಓಕ್ ಮರದ ಕೆಳಗೆ ದುಂಡಗೆ ಕೂರುತ್ತಿದ್ದರು. ನಡುವೆ ಒಂದು ಗಾಜಿನ ಬೋಗುಣಿ, ಪಕ್ಕದಲ್ಲಿ ಹೊಳೆಯ ಕಲ್ಲುಗಳ ರಾಶಿ. 'ಕಾಯಿಲೆ', 'ಹುಷಾರಿಲ್ಲ' ಎಂಬ ಮಾತು ಯಾರ ಬಾಯಲ್ಲಿ ಬಂದರೂ ಅವರು ಎದ್ದು ಒಂದು ಕಲ್ಲನ್ನು ಬೋಗುಣಿಗೆ ಹಾಕಿ, 'ಹೊರಗೆ ಹೋಗ್ತಾ ಇದೆ' ಎಂದು ತಿದ್ದಿಕೊಳ್ಳಬೇಕು. ತಲೆ ಸಿಡಿದರೆ, ವಾಂತಿಯಾದರೆ, ಮೈಮೇಲೆ ಗುಳ್ಳೆ ಎದ್ದರೆ ವರ್ಷಗಟ್ಟಲೆ ತಿಂದ ವಿಷ ಹೊರಗೆ ಹೋಗುತ್ತಿದೆ ಎಂದು ಅರ್ಥ. ಹೆಚ್ಚು ನರಳಿದವರಿಗೆ ಹೆಚ್ಚು ಚಪ್ಪಾಳೆ. ಹುಚ್ಚರ ಸಂತೆ ಎಂದು ನಾನೂ ಮೊದಲು ಮೂಗು ಮುರಿದಿದ್ದೆ. ಆದರೆ ಬಂದವರಲ್ಲಿ ಮುಕ್ಕಾಲು ಪಾಲು ಜನ ಮೂರು ದಿನ ತಲೆ ಹಿಡಿದುಕೊಂಡು ಒದ್ದಾಡಿ, ಐದನೆಯ ದಿನ ಚಿಗರೆಯಂತೆ ಓಡಾಡುವುದನ್ನು ಆರು ವರ್ಷ ನೋಡಿದೆ. ನೋಡಿ ನೋಡಿ ನನಗೂ ಅರ್ಧ ನಂಬಿಕೆ ಬಂದಿತ್ತು. ನನ್ನ ತಪ್ಪು ಅಲ್ಲಿಂದಲೇ ಶುರುವಾಯಿತು.

ಐದನೆಯ ದಿನಕ್ಕೆ ಉಳಿದವರೆಲ್ಲ ಚೇತರಿಸಿಕೊಂಡರು. ಮಾರ್ಲಿಸ್ ಚೇತರಿಸಿಕೊಳ್ಳಲಿಲ್ಲ. ಹತ್ತನೆಯ ದಿನ ಬಾಯಲ್ಲಿ ತಾಮ್ರದ ರುಚಿ ಎಂದಳು. ಹದಿಮೂರರಿಂದ ಮೈಯೆಲ್ಲ ತುರಿಕೆ. ತೋಳಿನ ಮೇಲೆ ಉಗುರಿನ ಕೆಂಪು ಗೆರೆಗಳನ್ನು ತೋರಿಸಿ, "ನೋಡಿ, ಚರ್ಮದಿಂದಾನೂ ಹೊರಗೆ ಹೋಗ್ತಾ ಇದೆ" ಎಂದು ಸಭೆಗೆ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಇಪ್ಪತ್ತೆರಡನೆಯ ದಿನ ಗಂಟೆ ಬಾರಿಸಿ ಮೊದಲ ಹಸಿ ಊಟ. ಹಣ್ಣು ಆಮೇಲೆ, ಗುರುಗಳು ನೇರ ಎಲೆಗೇ ಹೋಗುತ್ತಾರೆ ಎಂದು ಕಾರ್ವಿನ್ ಘೋಷಿಸಿದ. ಎಳೆ ಪಾಲಕ್ ಮೇಲೆ ಬಾದಾಮಿ ರುಬ್ಬಿದ ಕೆನೆ ಹಾಕಿ ತಟ್ಟೆ ಅಲಂಕರಿಸಿ ಕೊಟ್ಟೆ. ಅವಳು ನಗುತ್ತಲೇ ಅಷ್ಟೂ ತಿಂದಳು. ಅರ್ಧ ಗಂಟೆ ಕಳೆದು ನಾನು ಸಿಪ್ಪೆ ಚೆಲ್ಲಲು ಹಿತ್ತಲಿಗೆ ಹೋದಾಗ, ನಿಂಬೆ ಗಿಡ ಹಿಡಿದುಕೊಂಡು ಕಾರುತ್ತಿದ್ದಳು. ಫೋಟೊ ತೆಗೆದದ್ದು ಅದೇ ಗಿಡದ ಕೆಳಗೆ. ಅವಳ ಕಾಲು ನೋಡಿದೆ. ಚಪ್ಪಲಿಯ ಪಟ್ಟಿ ಊದಿದ ಮಾಂಸದೊಳಗೆ ಹೂತುಹೋಗಿತ್ತು.

"ಮಾರ್ಲಿ, ಉಚ್ಚೆ ಸರಿಯಾಗಿ ಆಗ್ತಿದೆಯಾ?"

"ಎರಡು ದಿನದಿಂದ ಕಡಿಮೆ. ರಸ ಪೂರ್ತಿ ಮೈಗೆ ಹತ್ತುತ್ತಿದೆ ಅಂತ ಕಾರ್ವಿನ್ ಅಂದ."

"ಅವನ ತಲೆ. ನಡಿ, ಈಗ್ಲೇ ಆಸ್ಪತ್ರೆಗೆ ಹೋಗೋಣ. ನಿನಗೆ ಹುಷಾರಿಲ್ಲ."

"ಕಲ್ಲು ಹಾಕು" ಎಂದಳು. ಬಾಯಿ ಒರೆಸಿಕೊಳ್ಳುತ್ತಾ ನಕ್ಕಳು ಬೇರೆ.

ನಾನು ನೇರ ಕಾರ್ವಿನ್ ಬಳಿಗೆ ಹೋದೆ. ಅವನು ಕೆಟ್ಟವನಲ್ಲ, ಅದೇ ತೊಂದರೆ. ಮೋಸಗಾರನಾಗಿದ್ದರೆ ಹೆದರಿ ಆಂಬುಲೆನ್ಸ್ ಕರೆಯುತ್ತಿದ್ದ. ಅವನು ತಾನು ಹೇಳುವುದನ್ನು ಪೂರ್ತಿ ನಂಬಿದ್ದ.

"ಡೋರಿನ್, ಐವತ್ತು ವರ್ಷದ ಕಸ ಮೂರು ವಾರಕ್ಕೇ ಖಾಲಿಯಾಗುತ್ತಾ? ತಳದಲ್ಲಿ ಕೂತಿರೋದು ಏಳೋವಾಗ ಹೀಗೇ ಆಗೋದು" ಎಂದ ಶಾಂತವಾಗಿ. "ಈಗ ನಿಲ್ಲಿಸಿದ್ರೆ ಎದ್ದಿದ್ದೆಲ್ಲ ಒಳಗೇ ಉಳಿದುಬಿಡುತ್ತೆ. ಅದು ಇನ್ನೂ ಅಪಾಯ."

"ಎಲ್ಲರ ಮೈ ಒಂದೇ ಥರ ಇರಲ್ಲ. ಅವಳ ಹೊಟ್ಟೆ—"

"ಅವಳ ಹೊಟ್ಟೆಗೇನು?"

ಮಾರ್ಲಿಸ್ ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದಳು. ಚಿಕ್ಕಂದಿನಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದಾಗ, ಅಪ್ಪನಿಗೆ ಹೇಳಬೇಡವೆಂದು ನೋಡುತ್ತಿದ್ದಂತೆಯೇ ನೋಡಿದಳು. ನನ್ನ ಒಂದು ಮಾತು ಸಾಕಿತ್ತು. ಆಪರೇಷನ್ ಆಗಿದೆ, ಆ ಫೋಟೊ ಸುಳ್ಳು ಎಂದಿದ್ದರೆ ಕಾರ್ವಿನ್‌ನಂಥವನೂ ನಿಲ್ಲಿಸುತ್ತಿದ್ದ.

"ಅವಳ ಹೊಟ್ಟೆ ಮೊದಲಿಂದ ಸೂಕ್ಷ್ಮ" ಎಂದೆ.

ನಾನು ಮಾಡಿದ್ದು ಅದು. ಅಮ್ಮ ಸತ್ತು ಮೂವತ್ತು ವರ್ಷವಾಗಿತ್ತು, ಅವಳ ಸಮಾಧಿಗೆ ನನ್ನ ಆಣೆಯಿಂದ ಆಗಬೇಕಾದ್ದು ಏನೂ ಇರಲಿಲ್ಲ. ಆದರೂ ಆಣೆ ಉಳಿಸಿಕೊಂಡೆ. ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು ಮತ್ತೆ ಪಾಲಕ್ ತೊಳೆದೆ.

ಹಾಗೆ ನಾಲ್ಕು ದಿನ ಕಳೆದವು. ಮೊದಲ ದಿನ ಅವಳು ಸಭೆಯಲ್ಲಿ ಕೂತಿದ್ದಳು, ಎರಡನೆಯ ದಿನ ಒರಗಿಕೊಂಡಿದ್ದಳು, ಮೂರನೆಯ ದಿನ ಮಲಗಿಕೊಂಡೇ ಮಾತಾಡಿದಳು. ಬಿಕ್ಕಳಿಕೆ ನಿಲ್ಲುತ್ತಿರಲಿಲ್ಲ. ಜನ ಅವಳ ಸುತ್ತ ಕೂತು ಕೈ ಹಿಡಿದುಕೊಂಡರು, ಒಬ್ಬಾಕೆ ಕಣ್ಣೀರು ಸುರಿಸುತ್ತಾ, "ಎಷ್ಟು ಹೊರಗೆ ಹೋಗ್ತಾ ಇದೆ ನೋಡಿ" ಎಂದಳು. ನಾಲ್ಕನೆಯ ಬೆಳಿಗ್ಗೆ ರಸದ ಲೋಟ ಹಿಡಿದು ಕೋಣೆಗೆ ಹೋದಾಗ ಮಾರ್ಲಿಸ್ ನನ್ನನ್ನು ನೋಡಿ, "ಅಮ್ಮಾ, ಸ್ಕೂಲ್ ಬಸ್ಸು ಹೋಗ್ಬಿಡ್ತಾ?" ಎಂದಳು.

ಲೋಟ ಅಲ್ಲೇ ಬಿಟ್ಟೆ. ಅವಳ ಎರಡೂ ಕಂಕುಳಿಗೆ ಕೈಕೊಟ್ಟು ಎಳೆದುಕೊಂಡು ಬಂದು ನನ್ನ ಹಳೆಯ ಕಾರಿನ ಹಿಂದಿನ ಸೀಟಿಗೆ ಹಾಕಿದೆ. ಕಾರ್ವಿನ್ ಅಡ್ಡ ಬಂದ. "ದಾರಿ ಬಿಡು, ಇಲ್ಲಾಂದ್ರೆ ನಿನ್ನ ಮೇಲೇ ಹತ್ತಿಸ್ತೀನಿ" ಎಂದೆ. ಬಿಟ್ಟ. ತಾನೂ ಮುಂದಿನ ಸೀಟಿಗೆ ಹತ್ತಿ ಕೂತ. ಗುಡ್ಡ ಇಳಿಯುವಷ್ಟು ಹೊತ್ತೂ ಅವನು ಹಿಂದೆ ತಿರುಗಿ, "ಉಸಿರು ಬಿಡು ಮಾರ್ಲಿಸ್, ಹೊರಗೆ ಬಿಡು" ಎನ್ನುತ್ತಿದ್ದ.

ಕೆಳಗಿನ ಊರಿನ ಆಸ್ಪತ್ರೆಯಲ್ಲಿ ಓಕಂಪೊ ಎಂಬ ಡಾಕ್ಟರಮ್ಮ ನೋಡಿದರು. ಸಣ್ಣ ಆಳು, ದೊಡ್ಡ ಗಂಟಲು. ರಕ್ತದ ರಿಪೋರ್ಟು ಬಂದ ಮೇಲೆ ಓಡುತ್ತಲೇ ಬಂದರು.

"ಕಿಡ್ನಿ ಎರಡೂ ನಿಂತುಹೋಗಿವೆ. ಮೊದಲು ಏನಾದ್ರೂ ಆಪರೇಷನ್ ಆಗಿದೆಯಾ?"

ಮಾರ್ಲಿಸ್‌ಗೆ ಅರ್ಧ ಪ್ರಜ್ಞೆಯೂ ಇರಲಿಲ್ಲ. ಆದರೂ ದಿಂಬಿನ ಮೇಲೆ ತಲೆ ಅಲ್ಲಾಡಿಸಿದಳು. ಇಲ್ಲ.

"ಹೊಟ್ಟೆ ಮೇಲೆ ಐದು ಸಣ್ಣ ಗಾಯದ ಗುರುತುಗಳಿವೆಯಲ್ಲ?"

"ಪಿತ್ತಕೋಶ" ಎಂದಳು. ಆ ಸ್ಥಿತಿಯಲ್ಲೂ ಅವಳಿಗೆ ಸುಳ್ಳು ನೆನಪಿತ್ತು.

ನನ್ನ ಪಕ್ಕದಲ್ಲಿ ಕಾರ್ವಿನ್ ನಿಂತಿದ್ದ. "ಪಿತ್ತಕೋಶ ಅಲ್ಲ" ಎಂದೆ. "ಎಂಟು ವರ್ಷದ ಹಿಂದೆ ತೂಕ ಇಳಿಸೋಕೆ ಹೊಟ್ಟೆ, ಕರುಳು ಕತ್ತರಿಸಿ ಜೋಡಿಸಿದ್ದಾರೆ. ಫ್ರೆಸ್ನೊದಲ್ಲಿ. ನಾನೇ ಕರ್ಕೊಂಡು ಹೋಗಿದ್ದೆ."

ಕಾರ್ವಿನ್ ಗೋಡೆಗೆ ಕೈ ಕೊಟ್ಟ. ಮಾರ್ಲಿಸ್ ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರು ಕಿವಿಯತ್ತ ಇಳಿಯಿತು, ಅಂದರೆ ಅವಳಿಗೆ ಕೇಳಿಸಿತ್ತು.

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ವಿವರಿಸಿದರು. ಪಾಲಕ್, ಬೀಟ್‌ರೂಟ್ ಎಲೆ, ಬಾದಾಮಿ, ಇವುಗಳಲ್ಲಿ ಒಂದು ಬಗೆಯ ಉಪ್ಪಿದೆಯಂತೆ. ನಿಮ್ಮಂಥ ನಮ್ಮಂಥವರ ಕರುಳು ಅದರಲ್ಲಿ ಹೆಚ್ಚಿನದನ್ನು ಹಾಗೇ ಹೊರಹಾಕುತ್ತದೆ. ದಾರಿ ತಪ್ಪಿಸಿ ಜೋಡಿಸಿದ ಕರುಳು ಹೊರಹಾಕದೆ ರಕ್ತಕ್ಕೆ ಬಿಡುತ್ತದೆ. ಅದು ಕಿಡ್ನಿಯೊಳಗೆ ಹರಳುಗಟ್ಟಿ ಕೂರುತ್ತದೆ. ಇಪ್ಪತ್ತಾರು ದಿನ ಕೂತಿದೆ.

"ಈ ರಸ ಮಾಡಿ ಕೊಟ್ಟೋರು ಯಾರು?" ಎಂದು ಕೇಳಿದರು.

"ನಾನು."

ಅವರ ದೊಡ್ಡ ಗಂಟಲು ಇಳಿಯಿತು. "ಕಾಲು ಊದಿದ ದಿನವೇ ಬಂದಿದ್ರೆ ಸ್ವಲ್ಪ ಭಾಗ ಉಳಿಸಬಹುದಿತ್ತೇನೋ. ಖಂಡಿತ ಅನ್ನಲ್ಲ. ಈಗ ಮಾತ್ರ ಡಯಾಲಿಸಿಸ್ ಬಿಟ್ರೆ ದಾರಿ ಇಲ್ಲ."

ಕಾಲು ಊದಿದ್ದನ್ನು ನಾನು ಯಾವ ದಿನ ನೋಡಿದೆನೆಂದು ಅವರಿಗೆ ಹೇಳಲಿಲ್ಲ. ಆಗ ಯಾರಿಗೂ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಅವಳು ಸಾಯಲಿಲ್ಲ. ಈಗ ನನ್ನ ಮನೆಯಲ್ಲಿದ್ದಾಳೆ. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ ಮಷಿನ್ನಿಗೆ ಕಟ್ಟಿ ರಕ್ತ ತೊಳೆಯುತ್ತಾರೆ. ಅವಳು ಏನು ತಿನ್ನಬೇಕೆಂದು ಆಸ್ಪತ್ರೆಯವರು ಪಟ್ಟಿ ಕೊಟ್ಟಿದ್ದಾರೆ. ಹಸಿ ಪಾಲಕ್, ಬಾದಾಮಿ ಮೂಸಿಯೂ ನೋಡುವಂತಿಲ್ಲ. ಆಲೂಗಡ್ಡೆಯನ್ನು ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಅವಳ ಮೈಗಾಗದ ಲವಣ ಇಳಿದುಹೋಗಲೆಂದು ತುಂಬಾ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಬೇಕು. ಮತ್ತೆ ಹೊಸ ನೀರು ಹಾಕಿ ಬೇಯಿಸಿ, ಅದನ್ನೂ ಚೆಲ್ಲಬೇಕು. ಕೊನೆಗೆ ಉಳಿಯುವುದು ಬೆಳ್ಳಗಿನ, ಉಪ್ಪಿಲ್ಲದ, ಹಿಸುಕಿದರೆ ಒದ್ದೆ ಕಾಗದದಂತಾಗುವ ಒಂದು ಪದಾರ್ಥ. ಆರು ವರ್ಷ ಬೆಂಕಿಯಿಲ್ಲದೆ ಅಡುಗೆ ಮಾಡಿದವಳು ಈಗ ದಿನಕ್ಕೆ ಎರಡು ಹೊತ್ತು ಎರಡೆರಡು ಸಲ ಬೇಯಿಸುತ್ತೇನೆ.

ಅವಳು ಮೂರು ತಿಂಗಳು ನನ್ನೊಂದಿಗೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ. ಆಪರೇಷನ್ ವಿಷಯ ಹೇಳಿದ್ದಕ್ಕೆ ಕೋಪ ಎಂದುಕೊಂಡೆ. ಅದಕ್ಕಿಂತ ಮೊದಲು ಹೇಳದಿದ್ದಕ್ಕೆ ಕೋಪವಿರಬಹುದು ಎಂದೂ ಹೆದರುತ್ತಿದ್ದೆ. ಕೇಳುವ ಧೈರ್ಯವಾಗಲಿಲ್ಲ.

ಹೋದ ವಾರ ಅವಳ ಬಟ್ಟೆಬರೆ ತರಲು ಗುಡ್ಡದ ಮನೆಗೆ ಹೋಗಿದ್ದೆ. ಒಳಗೆ ಕಾಲಿಟ್ಟರೆ ಫೋಟೊ ಅಲ್ಲೇ ಇತ್ತು, ಕೆಳಗಿನ ಬರಹವೂ ಹಾಗೇ. ಎಲ್ಲವನ್ನೂ ಕಿವಿಯಾರೆ ಕೇಳಿದ ಕಾರ್ವಿನ್ ಅದನ್ನು ಮುಟ್ಟಿರಲಿಲ್ಲ. ಅದರ ಮುಂದೆ ಒಬ್ಬ ದಪ್ಪ ಹೆಂಗಸು ಕೈಚೀಲ ಹಿಡಿದು ನಿಂತಿದ್ದಳು. ಮೂವತ್ತೈದು ವರ್ಷವಿರಬಹುದು. ಹೆಸರು ಜೊನೆಲ್ ಎಂದಳು. ನಾಳೆಯಿಂದ ಇಪ್ಪತ್ತೊಂದು ದಿನ ಶುರುವಂತೆ.

"ಈಕೆನ ನೋಡಿಯೇ ಬಂದೆ ನಾನು" ಎಂದಳು. "ನಿಮಗೆ ಪರಿಚಯಾನಾ?"

"ನನ್ನ ತಂಗಿ."

ಅವಳ ಮುಖ ಅರಳಿತು. ನಾನು ಅಲ್ಲೇ ನಿಂತು ಮೊದಲಿನಿಂದ ಕೊನೆಯ ತನಕ ಹೇಳಿದೆ. ಆಪರೇಷನ್, ಭಾನುವಾರದ ಸೂಪು, ಪಾಲಕ್, ಕಾಲು, ಡಯಾಲಿಸಿಸ್, ಒಂದನ್ನೂ ಬಿಡಲಿಲ್ಲ. ಆಣೆಯನ್ನು ಎರಡನೆಯ ಸಲ ಮುರಿದೆ, ಈ ಸಲ ತಡಮಾಡಲಿಲ್ಲ ಎಂಬ ಸಮಾಧಾನವಾಯಿತು. ಜೊನೆಲ್ ಕಣ್ಣು ಒದ್ದೆ ಮಾಡಿಕೊಂಡು ಕೇಳಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು.

"ಪಾಪ. ಬೇಜಾರು ಮಾಡ್ಕೋಬೇಡಿ, ಒಂದು ಮಾತು ಹೇಳ್ಲಾ? ಅದು ಹೊರಗೆ ಹೋಗ್ತಾ ಇತ್ತು ಅನ್ಸುತ್ತೆ. ಕೊನೇ ಘಳಿಗೇಲಿ ನೀವು ಆಸ್ಪತ್ರೆಗೆ ಎತ್ಕೊಂಡು ಹೋಗಿ ತಡೆದುಬಿಟ್ರಿ."

ನಾನು ಕೈ ಕಿತ್ತುಕೊಂಡೆ. ಬಾಯಿಗೆ ಬಂದಂತೆ ಬೈದೆ, ಏನು ಬೈದೆನೋ ನೆನಪಿಲ್ಲ. ಅವಳು ನನ್ನ ಬಗ್ಗೆ ಮರುಗುವವಳಂತೆ ನೋಡಿ, ಕೈಚೀಲ ಎತ್ತಿಕೊಂಡು ಒಳಗೆ ಹೋದಳು.

ಮನೆಗೆ ಬಂದೆ. ಆಲೂಗಡ್ಡೆ ಬೇಯಲಿಟ್ಟೆ. ಮೊದಲ ನೀರು ಚೆಲ್ಲಿ, ಎರಡನೆಯ ನೀರು ಕಾಯುತ್ತಿರುವಾಗ ಮಾರ್ಲಿಸ್ ಅಡುಗೆಮನೆಗೆ ಬಂದು ಕುರ್ಚಿಯಲ್ಲಿ ಕೂತಳು. ಮೈಯಲ್ಲಿ ಮಾಂಸವೇ ಉಳಿದಿರಲಿಲ್ಲ, ಫೋಟೊದಲ್ಲಿದ್ದುದಕ್ಕಿಂತ ತೆಳ್ಳಗಾಗಿದ್ದಳು. ಬಟ್ಟೆಯ ಗಂಟು ಅವಳ ಮುಂದಿಟ್ಟು, ನಡೆದದ್ದನ್ನೆಲ್ಲ ಸಿಟ್ಟಿನಿಂದ ಹೇಳಿದೆ.

"ಅವಳಿಗೆ ಎಷ್ಟು ಕೊಬ್ಬು ನೋಡು. ನಾನು ತಡೆದೆನಂತೆ! ಹೆಣವಾಗ್ತಿದ್ದೆ ನೀನು, ಅದನ್ನ ತಡೆದೆ."

ಮಾರ್ಲಿಸ್ ಬಟ್ಟೆಯ ಗಂಟನ್ನು ಪಕ್ಕಕ್ಕೆ ಸರಿಸಿದಳು. ಮೂರು ತಿಂಗಳಲ್ಲಿ ಮೊದಲ ಸಲ ನನ್ನ ಕೈಯನ್ನು ತಾನಾಗಿ ಹಿಡಿದುಕೊಂಡಳು. ಅವಳ ದನಿಯಲ್ಲಿ ಕೋಪವಿರಲಿಲ್ಲ.

"ನಿನ್ನ ಮೇಲೆ ಸಿಟ್ಟಿಲ್ಲ ಡೋರಿ, ನೀನು ಹೆದರಿಬಿಟ್ಟೆ ಅಷ್ಟೆ" ಎಂದಳು. "ಇನ್ನು ನಾಲ್ಕೇ ದಿನ ಬಿಟ್ಟಿದ್ರೆ ಸಾಕಿತ್ತು. ಎಲ್ಲಾ ಹೊರಗೆ ಹೋಗ್ಬಿಡ್ತಿತ್ತು."

ನೀರು ಕುದಿಯಿತು. ಪಾತ್ರೆ ಇಳಿಸಿ, ಎರಡನೆಯ ನೀರನ್ನೂ ಚೆಲ್ಲಿದೆ.